ಲೀಡ್ ಗಿಟಾರ್: ಕಾರ್ಡ್ ಕಲಿತವರು ಎಡವುವುದು ಎಲ್ಲಿ, ಏಕೆ

ಸಿ, ಜಿ, ಎ ಮೈನರ್, ಎಫ್. ಈ ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು) ಕೈಗೆ ಕೂತರೆ ನೂರಾರು ಹಾಡಿಗೆ ಗಿಟಾರ್ ಸಾಥ್ ಕೊಡಬಹುದು. ಫೋನಿನಲ್ಲಿ ವಿಡಿಯೊ ನೋಡಿಕೊಂಡೇ ಅಷ್ಟು ದೂರ ಬಂದವರು ಬೇಕಾದಷ್ಟು ಮಂದಿ ಇದ್ದಾರೆ. ಗಂಟು ಬೀಳುವುದು ಆಮೇಲೆ. ಹಾಡಿನ ನಡುವೆ ಗಾಯಕ ಸುಮ್ಮನಾದಾಗ ಗಿಟಾರ್ ಒಂದೊಂದೇ ಸ್ವರ ಹಿಡಿದು ತಾನೇ ಹಾಡತೊಡಗುತ್ತದಲ್ಲ, ಆ ಭಾಗವನ್ನು ನುಡಿಸಲು ಕೂತರೆ ಕೈ ಮಾತು ಕೇಳುವುದಿಲ್ಲ. ಯಾವ ತಂತಿ, ಎಷ್ಟನೇ ಫ್ರೆಟ್ (ಗಿಟಾರಿನ ಕತ್ತಿಗೆ ಅಡ್ಡಲಾಗಿರುವ ಲೋಹದ ಪಟ್ಟಿ) ಎಂದು ನೋಡಿಕೊಂಡು ಒತ್ತಿದ್ದೆಲ್ಲ ಸರಿಯಾಗಿಯೇ ಇರುತ್ತದೆ. ಆದರೂ ಹೊರಬರುವ ಸದ್ದು ಹರಕುಮುರುಕು.

'ಇನ್ನೂ ವೇಗ ಸಾಲದು' ಎಂದುಕೊಂಡು ಹೆಚ್ಚಿನವರು ಇನ್ನಷ್ಟು ಜೋರಾಗಿ ಓಡಿಸಲು ಹೋಗುತ್ತಾರೆ. ತೊಂದರೆ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ: ಎರಡು ಕೈ ಒಂದೇ ಕ್ಷಣಕ್ಕೆ ಸೇರುತ್ತಿಲ್ಲ, ಬೇಡದ ತಂತಿ ಹಿಂದೆ ಗುಂಯ್‌ಗುಡುತ್ತಿದೆ, ಇಲ್ಲವೇ ಎಳೆದ ತಂತಿ ತಲುಪಬೇಕಾದ ಸ್ವರವನ್ನು ತಲುಪಿಲ್ಲ. ಮೂರಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ.

ಮುಂದೆ ಹೇಳುವುದೆಲ್ಲ ಬಲಗೈಯಲ್ಲಿ ಮೀಟುವವರ ಲೆಕ್ಕದಲ್ಲಿ. ಎಡಗೈಯವರು ತಿರುಗಿಸಿಕೊಳ್ಳಬೇಕು. ತಂತಿಗಳನ್ನು ತೆಳುವಿನಿಂದ ದಪ್ಪಕ್ಕೆ 1ರಿಂದ 6 ಎಂದು ಎಣಿಸಲಾಗಿದೆ.

ಲೀಡ್ ಎಂದರೆ ಏನು

ಗಿಟಾರ್ ಎರಡು ಕೆಲಸ ಮಾಡುತ್ತದೆ. ಹಲವು ತಂತಿಗಳನ್ನು ಒಟ್ಟಿಗೆ ಮೀಟಿ ಹಾಡಿಗೆ ಹಾಸು ಹಾಕುವುದು ರಿದಂ. ಒಂದೊಂದೇ ಸ್ವರವಾಗಿ ರಾಗದ ಎಳೆಯನ್ನು ಮುಂದಕ್ಕೆ ಒಯ್ಯುವುದು ಲೀಡ್. ಕಚೇರಿಗೆ ಹೋಲಿಸಿದರೆ ಮೊದಲನೆಯದು ಪಕ್ಕವಾದ್ಯದ ಜಾಗ, ಎರಡನೆಯದು ಹಾಡುಗಾರನ ಜಾಗ.

ಈ ಎರಡನೇ ಜಾಗ ಗಿಟಾರಿಗೆ ತಡವಾಗಿ ಸಿಕ್ಕಿತು. ತುತ್ತೂರಿ, ಸ್ಯಾಕ್ಸೊಫೋನುಗಳಿದ್ದ ದೊಡ್ಡ ಬ್ಯಾಂಡಿನಲ್ಲಿ ಮರದ ಗಿಟಾರಿನ ಒಂಟಿ ಸ್ವರ ಯಾರಿಗೂ ಕೇಳಿಸುತ್ತಿರಲಿಲ್ಲ. 1936ರಲ್ಲಿ ಗಿಬ್ಸನ್ ಕಂಪನಿ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಇಟ್ಟ ಇಎಸ್-150 ಮಾದರಿಯನ್ನು ಮಾರುಕಟ್ಟೆಗೆ ತಂದಿತು. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಅದೇ ಮಾದರಿ ಹಿಡಿದು, ಊದುವ ವಾದ್ಯಗಳ ಸಾಲಿನಲ್ಲಿ ನಿಂತು ಒಂಟಿ ಸ್ವರಗಳ ಸೋಲೊ ನುಡಿಸಿದರು. ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಬಂದದ್ದು 1954ರಲ್ಲಿ. ಇಂದು ಅಂಗಡಿಯಲ್ಲಿ ಕಾಣುವ ಬಹುಪಾಲು ಅಗ್ಗದ ಎಲೆಕ್ಟ್ರಿಕ್ ಗಿಟಾರುಗಳ ಆಕಾರ ಅದರದ್ದೇ.

ಸದ್ದು ದೊಡ್ಡದಾಯಿತು, ಅದರ ಜೊತೆ ತಪ್ಪೂ ದೊಡ್ಡದಾಯಿತು. ಸ್ಟ್ರಮ್ಮಿಂಗಿನಲ್ಲಿ ಆರು ತಂತಿಗಳ ಗದ್ದಲದೊಳಗೆ ಒಂದು ಸ್ವರ ಮಂಕಾದರೆ ಗೊತ್ತಾಗುವುದಿಲ್ಲ. ಲೀಡಿನಲ್ಲಿ ಅಡಗಿಕೊಳ್ಳಲು ಜಾಗವಿಲ್ಲ.

ಮೊದಲು ಗಿಟಾರನ್ನೇ ನೋಡಿ

ಕೈಯ ತಪ್ಪೆಂದು ತಿಳಿದದ್ದು ಎಷ್ಟೋ ಸಲ ವಾದ್ಯದ ತಪ್ಪಾಗಿರುತ್ತದೆ. ತಂತಿ ಫ್ರೆಟ್‌ನಿಂದ ಎಷ್ಟು ಎತ್ತರದಲ್ಲಿದೆ ಎನ್ನುವುದಕ್ಕೆ ಆಕ್ಷನ್ ಎನ್ನುತ್ತಾರೆ. 12ನೇ ಫ್ರೆಟ್ ಮೇಲೆ ಸಣ್ಣ ಸ್ಟೀಲ್ ಸ್ಕೇಲ್ ನಿಲ್ಲಿಸಿ, ಫ್ರೆಟ್‌ನ ನೆತ್ತಿಯಿಂದ ತಂತಿಯ ತಳದವರೆಗೆ ಅಳೆಯಿರಿ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದು ಸುಮಾರು 1.6 ಮಿಲಿಮೀಟರ್ ಇದ್ದರೆ ಆರಾಮ. 3 ಮಿಲಿಮೀಟರ್ ಇದ್ದರೆ ಪ್ರತಿ ಸ್ವರಕ್ಕೂ ಬೆರಳು ಹೋರಾಡಬೇಕು, ಬೆಂಡ್ ಮಾಡುವಾಗ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವಾಗ) ಪಕ್ಕದ ತಂತಿ ಬೆರಳಿನಡಿ ನುಗ್ಗುತ್ತದೆ. ಗಿಟಾರಿನ ಮೈಮೇಲೆ ತಂತಿಗಳು ಕೂರುವ ಬ್ರಿಡ್ಜ್‌ನ ಪುಟ್ಟ ಸ್ಕ್ರೂ ತಿರುಗಿಸಿ ಇಳಿಸಬಹುದು, ತೀರಾ ಇಳಿಸಿದರೆ ತಂತಿ ಫ್ರೆಟ್‌ಗೆ ತಾಗಿ ಝರ್ ಎನ್ನುತ್ತದೆ.

ಎರಡನೆಯದು ತಂತಿಯ ದಪ್ಪ. ಅಂಗಡಿಯಲ್ಲಿ 'ಒಂಬತ್ತರ ಸೆಟ್', 'ಹತ್ತರ ಸೆಟ್' ಎಂದು ಕೇಳುವುದು 1ನೇ ತಂತಿಯ ದಪ್ಪವನ್ನು: ಇಂಚಿನ ಸಾವಿರದಲ್ಲಿ ಒಂಬತ್ತು ಭಾಗ ಅಥವಾ ಹತ್ತು ಭಾಗ. ವ್ಯತ್ಯಾಸ ಕೂದಲೆಳೆಯಷ್ಟೂ ಇಲ್ಲ, ಆದರೆ ಕತ್ತಿನ ತುದಿಯ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 25.5 ಇಂಚು ಇರುವ ಗಿಟಾರಿನಲ್ಲಿ ಒಂಬತ್ತರ ತಂತಿಯನ್ನು ಶ್ರುತಿಗೆ ತರಲು ಸುಮಾರು 5.9 ಕಿಲೊ ಬಿಗಿತ ಸಾಕು, ಹತ್ತರದ್ದಕ್ಕೆ 7.3 ಕಿಲೊ ಬೇಕು. ಬೆಂಡ್ ಕಲಿಯಲು ಹೊರಟವರಿಗೆ ಒಂಬತ್ತರ ಸೆಟ್ ಒಳ್ಳೆಯದು. ಅಕೌಸ್ಟಿಕ್ ಗಿಟಾರಿನಲ್ಲಿ ಸಾಮಾನ್ಯವಾಗಿ ಹನ್ನೆರಡರ ಸೆಟ್ ಇರುತ್ತದೆ, ಅದರ 3ನೇ ತಂತಿಯೂ ಸುತ್ತು ಹಾಕಿದ ದಪ್ಪ ತಂತಿ. ಅದರಲ್ಲಿ ಪೂರ್ತಿ ಸ್ವರದ ಬೆಂಡ್ ಬರಲಿಲ್ಲವೆಂದು ಕೈಯನ್ನು ಬೈದು ಪ್ರಯೋಜನವಿಲ್ಲ.

ಎಡಗೈ: ಎಷ್ಟು ಒತ್ತಿದರೆ ಸಾಕು

ಕಾರ್ಡ್ ಹಿಡಿದು ಪಳಗಿದ ಕೈಗೆ ಗಟ್ಟಿಯಾಗಿ ಅದುಮುವ ಅಭ್ಯಾಸವಾಗಿರುತ್ತದೆ. ಲೀಡಿನಲ್ಲಿ ಅದೇ ಕಾಲಿಗೆ ಕಟ್ಟಿದ ಕಲ್ಲು. ಎಷ್ಟು ಬಲ ಬೇಕೆಂದು ತಿಳಿಯಲು ಹೀಗೆ ಮಾಡಿ: 3ನೇ ತಂತಿಯ 7ನೇ ಫ್ರೆಟ್ ಮೇಲೆ ಬೆರಳನ್ನು ಬರೀ ತಾಗಿಸಿ ಮೀಟಿ. 'ಟಕ್' ಎಂಬ ಸತ್ತ ಸದ್ದು ಬರುತ್ತದೆ. ಮೀಟುತ್ತಲೇ ಬೆರಳನ್ನು ಸ್ವಲ್ಪಸ್ವಲ್ಪವೇ ಒತ್ತುತ್ತ ಹೋಗಿ. ಮೊದಲು ಝರ್ ಎಂದು, ಆಮೇಲೆ ಸ್ವರ ತಿಳಿಯಾಗಿ ಕೇಳುತ್ತದೆ. ತಿಳಿಯಾದ ಆ ಘಟ್ಟದಲ್ಲೇ ನಿಲ್ಲಿಸಿ. ನೀವು ದಿನಾ ಒತ್ತುವುದಕ್ಕಿಂತ ಅದು ಎಷ್ಟು ಕಡಿಮೆ ಎಂದು ಕೈಗೇ ಗೊತ್ತಾಗುತ್ತದೆ. ಬೆರಳು ಎರಡು ಫ್ರೆಟ್‌ಗಳ ನಡುಮಧ್ಯೆ ಇರದೆ ಮುಂದಿನ ಲೋಹದ ಪಟ್ಟಿಯ ಬೆನ್ನಿಗೇ ಇದ್ದರೆ ಇನ್ನೂ ಕಡಿಮೆ ಸಾಕು.

ಬೆರಳುಗಳನ್ನು ಬಿಡಿಸುವ ಮೊದಲ ಪಾಠ ಎಲ್ಲ ಕಡೆಯೂ ಒಂದೇ: ನಾಲ್ಕು ಬೆರಳು, ನಾಲ್ಕು ಫ್ರೆಟ್, ತೋರುಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದಾಗಿ, ಆರೂ ತಂತಿಗಳ ಮೇಲೆ. ಇದನ್ನು 1ನೇ ಫ್ರೆಟ್‌ನಿಂದ ಶುರುಮಾಡಬೇಡಿ. 25.5 ಇಂಚಿನ ಗಿಟಾರಿನಲ್ಲಿ 1ನೇ ಫ್ರೆಟ್‌ನ ಅಗಲ 36 ಮಿಲಿಮೀಟರ್, 12ನೆಯದು 19 ಮಿಲಿಮೀಟರ್ ಮಾತ್ರ. 7ನೇ ಫ್ರೆಟ್‌ನಿಂದ ಆರಂಭಿಸಿ, ಕೈ ಹಿಗ್ಗಿದ ಹಾಗೆ ವಾರಕ್ಕೊಂದು ಫ್ರೆಟ್ ಕೆಳಗಿಳಿದರೆ ಮಣಿಕಟ್ಟಿಗೆ ನೋವಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒತ್ತಿದ ಬೆರಳಿಗಿಂತ ಸುಮ್ಮನಿರುವ ಬೆರಳುಗಳನ್ನು. ಉಂಗುರಬೆರಳು ಒತ್ತುವಾಗ ಕಿರುಬೆರಳು ಆಕಾಶ ನೋಡುತ್ತಿದ್ದರೆ, ಅದು ತಿರುಗಿ ಇಳಿಯಲು ನಾಲ್ಕೈದು ಸೆಂಟಿಮೀಟರ್ ಪ್ರಯಾಣ ಮಾಡಬೇಕು. ತಂತಿಯಿಂದ ಒಂದು ಸೆಂಟಿಮೀಟರ್ ಒಳಗೇ ಇದ್ದರೆ ಆ ದಾರಿ ಉಳಿಯಿತು. ಮೇಲಕ್ಕೆ ಏರುವಾಗ ಹಿಂದಿನ ಬೆರಳನ್ನು ಎತ್ತದೆ ಅಲ್ಲೇ ಬಿಡುವುದು ಈ ಅಭ್ಯಾಸ ಕೂರಿಸುವ ಸುಲಭ ಉಪಾಯ.

ಬಲಗೈ: ಪಿಕ್ ಸಿಕ್ಕಿಕೊಳ್ಳುವುದು ಏಕೆ

ಸ್ಟ್ರಮ್ಮಿಂಗಿಗೆ ಬಳಸುವ 0.46 ಮಿಲಿಮೀಟರಿನ ತೆಳು ಪಿಕ್ (ಮೀಟಲು ಹಿಡಿಯುವ ಚೂರು) ಒಂಟಿ ತಂತಿಯ ಮೇಲೆ ಬಾಗಿಬಿಡುತ್ತದೆ. ಬಾಗಿ ಬಿಡಿಸಿಕೊಳ್ಳುವಷ್ಟರಲ್ಲಿ ಸ್ವರ ತಡವಾಗಿರುತ್ತದೆ. 0.88ರಿಂದ 1.14 ಮಿಲಿಮೀಟರ್ ನಡುವಿನದು ಲೀಡಿಗೆ ಹಿಡಿಸುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಹಿಡಿದು, ತುದಿ 3–4 ಮಿಲಿಮೀಟರ್ ಮಾತ್ರ ಹೊರಗಿರಲಿ. ಉದ್ದ ಬಿಟ್ಟಷ್ಟೂ ಅದು ತಂತಿಯೊಳಗೆ ಆಳವಾಗಿ ಇಳಿದು ಸಿಕ್ಕಿಕೊಳ್ಳುತ್ತದೆ. ಅಲುಗಾಟ ಮಣಿಕಟ್ಟಿನಿಂದ ಬರಬೇಕು. ಮೊಣಕೈ ಬಿಗಿಯಾಗಿ ಇಡೀ ತೋಳು ನಡುಗುತ್ತಿದ್ದರೆ ಆ ವೇಗ ಅರ್ಧ ನಿಮಿಷ ಬಾಳುವುದಿಲ್ಲ.

ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ, ತಪ್ಪದೆ ಬದಲಿಸುತ್ತ ಮೀಟುವುದಕ್ಕೆ ಆಲ್ಟರ್ನೇಟ್ ಪಿಕಿಂಗ್ ಎನ್ನುತ್ತಾರೆ. ಸಂಗೀತ ಪಾಠ ಮಾಡಿದವರಿಗೆ ಜಂಟಿ ವರಸೆ ನೆನಪಿರುತ್ತದೆ: ಸಸ ರಿರಿ ಗಗ ಮಮ. ಅದನ್ನೇ ಗಿಟಾರಿನಲ್ಲಿ, ಮೊದಲ ಸ ಕೆಳಕ್ಕೆ, ಎರಡನೇ ಸ ಮೇಲಕ್ಕೆ ಎಂದು ನುಡಿಸಿದರೆ ಬಲಗೈಗೆ ಇದಕ್ಕಿಂತ ಒಳ್ಳೆಯ ಪಾಠ ಹುಡುಕಬೇಕಿಲ್ಲ. ಎಡಗೈಯ ಬೆರಳು ಒಂದೇ ಕಡೆ ಇರುವುದರಿಂದ ಎರಡೂ ಏಟು ಒಂದೇ ತೂಕದಲ್ಲಿ ಬಿದ್ದವೇ ಎಂದು ಕಿವಿ ಹಿಡಿದುಬಿಡುತ್ತದೆ. ಮೇಲಿನ ಏಟು ಎಲ್ಲರಿಗೂ ಮೊದಮೊದಲು ಸೊರಗಿರುತ್ತದೆ.

ಒಂದೇ ತಂತಿಯಲ್ಲಿ ಚೆನ್ನಾಗಿ ಓಡುವ ಕೈ ತಂತಿ ಬದಲಿಸುವಾಗ ಎಡವುತ್ತದೆ. ಕಾರಣ ಸರಳ. ಪಿಕ್ ಎರಡು ತಂತಿಗಳ ನಡುವಿನ ಗುಂಡಿಯಲ್ಲಿದೆ, ಪಕ್ಕದ ತಂತಿಗೆ ಹೋಗಲು ಮೇಲೆದ್ದು ದಾಟಬೇಕು. ಪಿಕ್ ನೇರವಾಗಿ ಆಚೀಚೆ ಓಡಾಡುತ್ತಿದ್ದರೆ ಗುಂಡಿಯಿಂದ ಏಳುವುದೇ ಇಲ್ಲ, ಪ್ರತಿ ಸಲ ಬೇಲಿ ಹಾರಿದ ಹಾಗೆ ಹಾರಬೇಕು. ಅದನ್ನು ತುಸು ಓರೆಮಾಡಿ, ಕೆಳಗಿನ ಏಟು ಗಿಟಾರಿನ ಮೈಯತ್ತ ಇಳಿದು, ಮೇಲಿನ ಏಟು ಮೈಯಿಂದ ದೂರಕ್ಕೆ ಏಳುವಂತೆ ಇಟ್ಟುಕೊಂಡರೆ, ಮೇಲಿನ ಏಟು ಮುಗಿಯುವಾಗ ಪಿಕ್ ತಾನಾಗಿಯೇ ಗುಂಡಿಯಿಂದ ಹೊರಗಿರುತ್ತದೆ. ತಂತಿಗೆ ಎರಡೆರಡು ಸ್ವರ ಇರುವ ಸಾಲಿನಲ್ಲಿ ಪ್ರತಿ ತಂತಿಯ ಕೊನೆಯ ಏಟು ಮೇಲಿನದೇ, ಹಾಗಾಗಿ ದಾಟುವುದು ಪುಕ್ಕಟೆ. ತಂತಿಗೆ ಮೂರು ಸ್ವರ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಕೈ ತಡವರಿಸಿದರೆ ಬೆರಳು ದುರ್ಬಲವೆಂದಲ್ಲ, ಏಟಿನ ದಿಕ್ಕು ಎದುರಾಗಿದೆ ಎಂದು ತಿಳಿಯಿರಿ.

ಎರಡು ಕೈ ಸೇರುವ ಕ್ಷಣ

ಲಯ ತಟ್ಟುವ ಮೆಟ್ರೊನೋಮನ್ನು 120ಕ್ಕೆ, ಅಂದರೆ ನಿಮಿಷಕ್ಕೆ 120 ತಟ್ಟಿಗೆ ಇಟ್ಟು ಒಂದು ತಟ್ಟಿಗೆ ನಾಲ್ಕು ಸ್ವರ ನುಡಿಸಿದರೆ ಸೆಕೆಂಡಿಗೆ 8 ಸ್ವರ, ಅಂದರೆ ಒಂದೊಂದಕ್ಕೆ 125 ಮಿಲಿಸೆಕೆಂಡ್. ಎಡಗೈ ಬೆರಳು ಪಿಕ್‌ಗಿಂತ 30 ಮಿಲಿಸೆಕೆಂಡ್ ತಡವಾದರೂ ಸ್ವರದ ಕಾಲುಭಾಗ ಹೋಯಿತು. ಅದೇ 30 ಮಿಲಿಸೆಕೆಂಡ್ ತಟ್ಟಿಗೊಂದೇ ಸ್ವರ ನುಡಿಸುವಾಗ ಗಮನಕ್ಕೂ ಬರುವುದಿಲ್ಲ. ನಿಧಾನದಲ್ಲಿ ಚೆನ್ನಾಗಿದ್ದದ್ದು ವೇಗದಲ್ಲಿ ಕೆಡುವುದರ ಗುಟ್ಟು ಇದೇ: ತಪ್ಪು ಮೊದಲಿನಿಂದಲೂ ಇತ್ತು, ವೇಗ ಅದನ್ನು ಹೊರಗೆಳೆಯಿತು.

ಯಾವ ಕೈ ತಪ್ಪುತ್ತಿದೆ ಎಂದು ಸದ್ದೇ ಹೇಳುತ್ತದೆ. ಸ್ವರದ ಬದಲು 'ಟಿಕ್' ಬಂದರೆ ಪಿಕ್ ಮುಂಚೆ ಹೊಡೆಯಿತು, ಬೆರಳು ಇನ್ನೂ ಪೂರ್ತಿ ಇಳಿದಿರಲಿಲ್ಲ. ಒಂದೇ ಸ್ವರ ಎರಡು ಬಾರಿ, ಮೊದಲು ಮೆಲ್ಲಗೆ ಆಮೇಲೆ ಜೋರಾಗಿ ಕೇಳಿದರೆ ಬೆರಳು ಮುಂಚೆ ಬಿತ್ತು, ಪಿಕ್ ತಡವಾಯಿತು. ಆಂಪಿನ (ಸದ್ದು ಹೆಚ್ಚಿಸುವ ಪೆಟ್ಟಿಗೆಯ) ಡಿಸ್ಟಾರ್ಷನ್, ಅಂದರೆ ಸದ್ದನ್ನು ಒರಟಾಗಿಸುವ ಪರಿಣಾಮ, ಬಂದ್ ಮಾಡಿ, ಸಾದಾ ಸದ್ದಿನಲ್ಲಿ ಫೋನಿಗೆ ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಕೇಳದ ಟಿಕ್‌ಟಿಕ್ ರೆಕಾರ್ಡಿನಲ್ಲಿ ಸಾಲಾಗಿ ಕೇಳುತ್ತದೆ.

ಮೆಟ್ರೊನೋಮ್ ಬಳಸುವ ಕ್ರಮಕ್ಕೆ ನಮ್ಮ ಸರಳೆ ವರಸೆಯೇ ಮಾದರಿ. ಪುರಂದರದಾಸರು ಹಾಕಿಕೊಟ್ಟದ್ದೆನ್ನುವ ಆ ಪಾಠವನ್ನು ಮೂರು ಕಾಲದಲ್ಲಿ ಹೇಳುವಾಗ ತಾಳ ಅಷ್ಟೇ ಇರುತ್ತದೆ, ಒಂದೊಂದು ಏಟಿಗೆ ಬೀಳುವ ಸ್ವರಗಳು ಒಂದರಿಂದ ಎರಡು, ಎರಡರಿಂದ ನಾಲ್ಕಾಗುತ್ತವೆ. 60ಕ್ಕೆ ಇಟ್ಟು ಹೀಗೆ ಮೂರು ಕಾಲ ನುಡಿಸಿ. ಮೂರನೇ ಕಾಲ ಐದು ಬಾರಿ ತಪ್ಪಿಲ್ಲದೆ ಬಂದರೆ 64, ಆಮೇಲೆ 68. ನಾಲ್ಕು ಬಾರಿ ಸರಿಬಂದು ಐದನೆಯದು ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ.

ಇಷ್ಟೇ ಮಾಡಿದರೆ ಒಂದು ಕಡೆ ಗಾಡಿ ನಿಲ್ಲುತ್ತದೆ. ನಡಿಗೆಯನ್ನು ಎಷ್ಟು ಜೋರು ಮಾಡಿದರೂ ಅದು ಓಟವಾಗುವುದಿಲ್ಲವಲ್ಲ, ಹಾಗೆ ನಿಧಾನದಲ್ಲಿ ರೂಢಿಯಾದ ದೊಡ್ಡ ಅಲುಗಾಟ ವೇಗಕ್ಕೆ ಒಗ್ಗುವುದಿಲ್ಲ. ಆಗ ತುಂಡು ಅಭ್ಯಾಸ ಬೇಕು: ಒಂದು ತಟ್ಟಿನಿಂದ ಮುಂದಿನ ತಟ್ಟಿನವರೆಗೆ ಐದೇ ಸ್ವರ, ಗುರಿಯ ವೇಗದಲ್ಲಿ, ಒಂದೇ ಉಸಿರಿಗೆ. ಐದನೆಯದು ತಟ್ಟಿನ ಮೇಲೆ ಬಿದ್ದು ನಿಲ್ಲಬೇಕು. ಎರಡು ತಟ್ಟು ಕೈ ಸಡಿಲಿಸಿ, ಮತ್ತೊಮ್ಮೆ. ಐದು ಸ್ವರ ಬಿಗಿತವಿಲ್ಲದೆ ಬಂದ ಮೇಲೆ ಒಂಬತ್ತು.

ಬೇಡದ ತಂತಿಯ ಬಾಯಿ ಮುಚ್ಚಿಸುವುದು

ಅನುಭವಿಯ ಮತ್ತು ಹೊಸಬರ ಲೀಡ್ ಬೇರೆಯೆನಿಸುವುದು ಮುಖ್ಯವಾಗಿ ಇಲ್ಲಿ, ಆದರೂ ಪಾಠಗಳಲ್ಲಿ ಇದಕ್ಕೆ ಸಿಗುವ ಜಾಗ ತೀರಾ ಕಡಿಮೆ. ಡಿಸ್ಟಾರ್ಷನ್ ಸಣ್ಣ ಸದ್ದನ್ನೂ ದೊಡ್ಡದರ ಮಟ್ಟಕ್ಕೆ ಎತ್ತುತ್ತದೆ. ಒಂದು ಸ್ವರ ನುಡಿಸುವಾಗ ಉಳಿದ ಐದು ತಂತಿಗಳು ಮೌನವಾಗಿರುವಂತೆ ನೋಡಿಕೊಳ್ಳುವುದೂ ನುಡಿಸುವುದರ ಭಾಗವೇ.

ಕೆಲಸವನ್ನು ಎರಡು ಕೈ ಹಂಚಿಕೊಳ್ಳುತ್ತವೆ. ನುಡಿಸುವ ತಂತಿಗಿಂತ ದಪ್ಪನೆಯವನ್ನು ಬಲಗೈಯ ಅಂಗೈ ಬುಡ ಬ್ರಿಡ್ಜ್ ಹತ್ತಿರ ಒರಗಿ ಅಡಗಿಸುತ್ತದೆ. ತೆಳುವಾದವನ್ನು ಎಡಗೈ ತೋರುಬೆರಳಿನ ಒಳಭಾಗ ಸಡಿಲವಾಗಿ ಒರಗಿ ಅಡಗಿಸುತ್ತದೆ. ಅದೇ ಬೆರಳಿನ ತುದಿ ಪಕ್ಕದ ದಪ್ಪ ತಂತಿಗೆ ಚೂರು ತಾಗಿದರೆ ಅದೂ ಸತ್ತಿತು. ಬೆರಳನ್ನು ಕಾರ್ಡ್ ಹಿಡಿದಂತೆ ಕೊಡೆಯ ಕಡ್ಡಿಯ ಹಾಗೆ ನೆಟ್ಟಗೆ ನಿಲ್ಲಿಸುವವರಿಗೆ ಇದು ಬರುವುದಿಲ್ಲ, ಲೀಡಿನಲ್ಲಿ ತೋರುಬೆರಳು ತುಸು ಮಲಗಿರಬೇಕು.

ಪರೀಕ್ಷೆ ಹೀಗೆ: ಸದ್ದು ಜೋರಾಗಿಟ್ಟು ನಾಲ್ಕು ಸ್ವರ ನುಡಿಸಿ ಫಕ್ಕನೆ ನಿಲ್ಲಿಸಿ. ನಿಂತ ಮೇಲೂ ಏನಾದರೂ ಗುಂಯ್ ಎನ್ನುತ್ತಿದ್ದರೆ ಯಾವ ತಂತಿ ಎಂದು ಒಂದೊಂದಾಗಿ ಮುಟ್ಟಿ ಪತ್ತೆಹಚ್ಚಿ.

ಬೆಂಡ್: ವೀಣೆಯವರಿಗೆ ಗೊತ್ತಿರುವ ವಿದ್ಯೆ

ವೀಣೆಯ 24 ಮೆಟ್ಟಿಲುಗಳೂ ಗಿಟಾರಿನ ಫ್ರೆಟ್‌ಗಳ ಹಾಗೆಯೇ ಸ್ಥಾಯಿಗೆ ಹನ್ನೆರಡು. ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು ವೈಣಿಕರ ನಿತ್ಯದ ಕೆಲಸ. ಗಿಟಾರಿನ ಬೆಂಡ್ ಅದೇ ಕ್ರಿಯೆ. ಎಳೆದಾಗ ಬಿಗಿತ ಹೆಚ್ಚುತ್ತದೆ, ಸ್ವರ ಏರುತ್ತದೆ. ಒಂದು ಪೂರ್ತಿ ಸ್ವರ, ಅಂದರೆ ಎರಡು ಫ್ರೆಟ್‌ನಷ್ಟು ಏರಿಸಲು ಬಿಗಿತ ಸುಮಾರು ಶೇ. 26ರಷ್ಟು ಹೆಚ್ಚಬೇಕು. ಒಂದು ಬೆರಳಿನ ಬಲಕ್ಕೆ ಅದು ಹೊರೆ. ಹೊಸಬರ ಬೆಂಡ್ ಸಾಮಾನ್ಯವಾಗಿ ಗುರಿಗಿಂತ ಕೆಳಗೇ ನಿಂತು ಅಪಶ್ರುತಿಯಾಗುವುದು ಅದಕ್ಕೇ.

3ನೇ ತಂತಿಯ 7ನೇ ಫ್ರೆಟ್ ತೆಗೆದುಕೊಳ್ಳಿ. ಉಂಗುರಬೆರಳು ಅಲ್ಲಿರಲಿ, ನಡುಬೆರಳು 6ನೇ ಫ್ರೆಟ್ ಮೇಲೆ, ತೋರುಬೆರಳು 5ರ ಮೇಲೆ, ಮೂರೂ ಅದೇ ತಂತಿಯಲ್ಲಿ. ಹೆಬ್ಬೆರಳು ಗಿಟಾರಿನ ಕತ್ತಿನ ಮೇಲಂಚಿಗೆ ಕೊಂಡಿಯಂತೆ ಬರಲಿ. ಈಗ ಬೆರಳುಗಳನ್ನು ಬಗ್ಗಿಸದೆ, ಬಾಗಿಲ ಗುಬ್ಬಿ ತಿರುಗಿಸಿದ ಹಾಗೆ ಮುಂಗೈಯನ್ನು ತಿರುಗಿಸಿ ತಂತಿಯನ್ನು ಮೇಲಕ್ಕೆ, ದಪ್ಪ ತಂತಿಗಳ ಕಡೆಗೆ ತಳ್ಳಿ. ತೋರುಬೆರಳಿನ ಬುಡ ಕತ್ತಿನ ಕೆಳಂಚಿಗೆ ತಾಗಿರಬೇಕು, ಸನ್ನೆಗೋಲಿನ ಆಧಾರ ಅದೇ.

ಎಲ್ಲಿವರೆಗೆ? 7ನೇ ಫ್ರೆಟ್‌ನ ಡಿ ಸ್ವರ 294 ಹರ್ಟ್ಸ್, ತಲುಪಬೇಕಾದ ಇ ಸ್ವರ 330 ಹರ್ಟ್ಸ್. ಆ ಇ ಸ್ವರ 2ನೇ ತಂತಿಯ 5ನೇ ಫ್ರೆಟ್‌ನಲ್ಲಿ ಸಿದ್ಧವಾಗಿ ಸಿಗುತ್ತದೆ. ತೋರುಬೆರಳನ್ನು ಅಲ್ಲಿಗೆ ಸರಿಸಿ, ಎರಡೂ ತಂತಿ ಒಟ್ಟಿಗೆ ಮೀಟಿ, 3ನೆಯದನ್ನು ಎಳೆಯುತ್ತ ಹೋಗಿ. ಹತ್ತಿರ ಬಂದಂತೆ ವಾಂವ್ ವಾಂವ್ ಎಂಬ ಅಲೆ ಕೇಳುತ್ತದೆ. ಎರಡರ ನಡುವೆ 3 ಹರ್ಟ್ಸ್ ಅಂತರವಿದ್ದರೆ ಸೆಕೆಂಡಿಗೆ 3 ಅಲೆ, 1 ಹರ್ಟ್ಸ್ ಇದ್ದರೆ ಒಂದೇ. ಅಲೆ ಉದ್ದವಾಗುತ್ತ ಹೋಗಿ ಕರಗಿದಾಗ ಸ್ವರ ಕೂಡಿತು. ತಂಬೂರಿ ಶ್ರುತಿ ಮಾಡುವವರ ಕಿವಿ ಹುಡುಕುವುದೂ ಇದೇ ಮೌನವನ್ನು. ದಿನಕ್ಕೆ ಇಪ್ಪತ್ತು ಬಾರಿ ಹೀಗೆ ಕೂಡಿಸಿ, ಆಮೇಲೆ 2ನೇ ತಂತಿಯ ಆಸರೆಯಿಲ್ಲದೆ ಬರೀ ಬೆಂಡ್ ಮಾಡಿ ಶ್ರುತಿ ತೋರಿಸುವ ಟ್ಯೂನರ್ ನೋಡಿ. ಮುಳ್ಳು ಎಡಕ್ಕಿದ್ದರೆ ಇನ್ನೂ ಎಳೆಯಬೇಕಿತ್ತು ಎಂದರ್ಥ.

1, 2, 3ನೇ ತಂತಿಗಳನ್ನು ಮೇಲಕ್ಕೆ ತಳ್ಳಿ, 5 ಮತ್ತು 6ನ್ನು ಕೆಳಕ್ಕೆ ಎಳೆಯಿರಿ, ಇಲ್ಲದಿದ್ದರೆ ತಂತಿ ಕತ್ತಿನಂಚಿನಿಂದ ಜಾರುತ್ತದೆ. ಆರಂಭದಲ್ಲಿ 7ರಿಂದ 12ನೇ ಫ್ರೆಟ್ ನಡುವೆಯೇ ಇರಿ. ನಟ್ ಹತ್ತಿರ ತಂತಿ ಬಹಳ ಬಿರುಸು.

ವೈಬ್ರೇಟೊ, ಹ್ಯಾಮರ್, ಪುಲ್

ವೈಬ್ರೇಟೊ ಎಂದರೆ ಸಣ್ಣ ಬೆಂಡನ್ನು ಒಂದೇ ಲಯದಲ್ಲಿ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುವುದು. ಪಿಟೀಲಿನಲ್ಲಿ ಬೆರಳು ಸ್ವರದ ಎರಡೂ ಪಕ್ಕಕ್ಕೆ ತೂಗಬಹುದು. ಫ್ರೆಟ್ ಇರುವ ಗಿಟಾರಿನಲ್ಲಿ ತಂತಿ ಎಳೆದರೆ ಸ್ವರ ಮೇಲಕ್ಕೆ ಮಾತ್ರ ಹೋಗುತ್ತದೆ. ಹಾಗಾಗಿ ಪ್ರತಿ ಸಲ ಪೂರ್ತಿ ಕೆಳಗಿಳಿದು ಮೂಲ ಸ್ವರ ಮುಟ್ಟದಿದ್ದರೆ ಇಡೀ ಸ್ವರ ಚೂರು ಏರಿದಂತೆ ಕೇಳುತ್ತದೆ. 60ರ ತಟ್ಟಿಗೆ ನಾಲ್ಕು ತೂಗಾಟದಿಂದ ಶುರುಮಾಡಿ. ನಡುಕ ಬಂದವರ ಹಾಗೆ ಬೆರಳು ಅದುರಿಸುವುದು ವೈಬ್ರೇಟೊ ಅಲ್ಲ. ಅಗಲವೂ ಲಯವೂ ನಿಮ್ಮ ಹಿಡಿತದಲ್ಲಿರಬೇಕು.

ಹ್ಯಾಮರ್ ಎಂದರೆ ಮೀಟದೆ ಬೆರಳನ್ನು ಬಡಿದು ಮೇಲಿನ ಸ್ವರ ಎಬ್ಬಿಸುವುದು. ಬಲಕ್ಕಿಂತ ಥಟ್ಟನೆ ಬೀಳುವುದು ಮುಖ್ಯ. ಪುಲ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಬೆರಳನ್ನು ನೇರ ಮೇಲಕ್ಕೆತ್ತುವುದು. ಹಾಗೆತ್ತಿದರೆ ಸದ್ದೇ ಬರುವುದಿಲ್ಲ. ಬೆರಳು ಹೊರಡುವಾಗ ತಂತಿಯನ್ನು ಕೆಳಕ್ಕೆ ಚೂರು ಗೀರಿ ಹೋಗಬೇಕು, ಎಡಗೈಯೇ ಮೀಟಿದ ಹಾಗೆ. ಕೆಳಗಿನ ಸ್ವರದ ಬೆರಳು ಮೊದಲೇ ಗಟ್ಟಿಯಾಗಿ ಕೂತಿರದಿದ್ದರೆ ತಂತಿ ಅದರ ಜೊತೆಗೇ ಎಳೆದುಕೊಂಡು ಶ್ರುತಿ ಕೆಡುತ್ತದೆ.

ಯಾವ ಸ್ವರ ನುಡಿಸಬೇಕು

ಲೀಡ್ ಕಲಿಸುವವರೆಲ್ಲ ಮೊದಲು ಕೊಡುವ ಸ್ಕೇಲ್ (ಸ್ವರಸಾಲು) ಎ ಮೈನರ್ ಪೆಂಟಾಟೋನಿಕ್. ಪೆಂಟಾ ಎಂದರೆ ಐದು. ಸ್ವರಗಳು ಎ, ಸಿ, ಡಿ, ಇ, ಜಿ. ಎ ಸ್ವರವನ್ನು ಷಡ್ಜ ಮಾಡಿಕೊಂಡರೆ ಇದು ಸ, ಸಾಧಾರಣ ಗ, ಶುದ್ಧ ಮ, ಪ, ಕೈಶಿಕಿ ನಿ. ನಮ್ಮ ಶುದ್ಧ ಧನ್ಯಾಸಿ ರಾಗದ ಆರೋಹಣ ಅವರೋಹಣ ಇದೇ. ಗಮಕ, ಸಂಚಾರ ಬೇರೆ, ಆದ್ದರಿಂದ ಎರಡೂ ಒಂದೇ ಎನ್ನಲಾಗದು. ಸ್ವರಸ್ಥಾನ ಮಾತ್ರ ಒಂದೇ. ಮೇಜರ್ ಪೆಂಟಾಟೋನಿಕ್ ಮೋಹನ ರಾಗದ ಸ್ವರಗಳು. ಶಾಸ್ತ್ರೀಯ ಪಾಠದ ಕಿವಿ ಇರುವವರಿಗೆ ಅರ್ಧ ದಾರಿ ಆಗಲೇ ಮುಗಿದಿದೆ.

5ನೇ ಫ್ರೆಟ್ ಸುತ್ತ ಕೈಯಿಟ್ಟರೆ ಆ ಸ್ವರಗಳು ಸಿಗುವ ಜಾಗ: 6ನೇ ತಂತಿಯಲ್ಲಿ 5 ಮತ್ತು 8ನೇ ಫ್ರೆಟ್; 5, 4, 3ನೇ ತಂತಿಗಳಲ್ಲಿ 5 ಮತ್ತು 7; 2 ಮತ್ತು 1ನೇ ತಂತಿಗಳಲ್ಲಿ ಮತ್ತೆ 5 ಮತ್ತು 8. ಷಡ್ಜ ಇರುವುದು 6ನೇ ತಂತಿಯ 5, 4ನೇ ತಂತಿಯ 7, 1ನೇ ತಂತಿಯ 5ರಲ್ಲಿ. ಈ ಮೂರು ಮನೆಗಳನ್ನು ಕಣ್ಣುಮುಚ್ಚಿ ಹುಡುಕಲು ಬರಬೇಕು.

ಕಚೇರಿ ಸಂಗೀತಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ತಂಬೂರಿಯ ಶ್ರುತಿ ಕೊನೆಯವರೆಗೂ ಅಲುಗುವುದಿಲ್ಲ. ಕಾರ್ಡ್ ಇರುವ ಹಾಡಿನಲ್ಲಿ ಕಾಲಕೆಳಗಿನ ನೆಲವೇ ಸರಿಯುತ್ತಿರುತ್ತದೆ. ಎ ಮೈನರ್ ಕಾರ್ಡ್ ಮೇಲೆ ಸಿ ಸ್ವರದಲ್ಲಿ ನಿಂತರೆ ಸೊಗಸು, ಅದು ಆ ಕಾರ್ಡಿನ ಒಳಗೇ ಇದೆ. ಕಾರ್ಡ್ ಜಿ ಮೇಜರಿಗೆ ಸರಿದಾಗಲೂ ಅದೇ ಸಿ ಹಿಡಿದಿದ್ದರೆ ಕಾರ್ಡಿನೊಳಗಿನ ಬಿ ಜೊತೆ ಅರ್ಧ ಸ್ವರದ ತಿಕ್ಕಾಟವಾಗಿ ಕಿವಿ ಮುಳ್ಳಾಗುತ್ತದೆ. ಅಲ್ಲಿ ಡಿ ಅಥವಾ ಜಿಗೆ ಹೋಗಿ ನಿಲ್ಲಬೇಕು. ಓಡುವಾಗ ಐದರಲ್ಲಿ ಯಾವುದಾದರೂ ನಡೆಯುತ್ತದೆ, ನಿಲ್ಲುವಾಗ ಕಾರ್ಡ್ ನೋಡಿಕೊಂಡು ನಿಲ್ಲಿ.

ಎಂಟು ಸ್ವರದ ಒಂದು ಸಾಲು

ಇಲ್ಲಿಯವರೆಗಿನ ಎಲ್ಲವೂ ಈ ಒಂದು ಸಾಲಿನಲ್ಲಿ ಬರುತ್ತದೆ. 3ನೇ ತಂತಿಯ 7ನ್ನು ಪೂರ್ತಿ ಸ್ವರ ಎಳೆಯಿರಿ. ಆಮೇಲೆ 2ನೇ ತಂತಿಯ 5, 1ನೇ ತಂತಿಯ 5, 2ನೆಯದರ 8, ಅದರಿಂದ ಪುಲ್ ಮಾಡಿ 5, 3ನೇ ತಂತಿಯ 7, ಪುಲ್ ಮಾಡಿ 5, ಕೊನೆಗೆ 4ನೇ ತಂತಿಯ 7ರಲ್ಲಿ ನಿಂತು ವೈಬ್ರೇಟೊ. ಹಾಡಿದರೆ: ಮ-ದಿಂದ ಪ-ಕ್ಕೆ ಎಳೆದ ಪ, ಪ, ಮೇಲಿನ ಸ, ನಿ, ಪ, ಮ, ಗ, ಸ.

ಮೊದಲ ಅಪಾಯ ಬೆಂಡ್ ಮುಗಿಯುವಲ್ಲಿ. 2ನೇ ತಂತಿಗೆ ಹೋಗುವ ಅವಸರದಲ್ಲಿ ಎಳೆದ ತಂತಿಯನ್ನು ಸುಮ್ಮನೆ ಬಿಟ್ಟರೆ ಅದು 'ಊಂಯ್' ಎಂದು ಕೆಳಗಿಳಿಯುತ್ತದೆ. ಬಿಡುವ ಮುನ್ನ ಅಂಗೈ ಬುಡದಿಂದ ಅದನ್ನು ಅಡಗಿಸಿ, ಸದ್ದು ಸತ್ತ ಮೇಲೆ ತಂತಿ ವಾಪಸು ಬರಲಿ. ಎರಡನೆಯದು 2 ಮತ್ತು 1ನೇ ತಂತಿಯ 5, ಪಕ್ಕಪಕ್ಕದಲ್ಲಿ ಒಂದೇ ಫ್ರೆಟ್. ತೋರುಬೆರಳನ್ನು ಚಪ್ಪಟೆ ಮಲಗಿಸಿ ಎರಡನ್ನೂ ಒತ್ತಿಬಿಟ್ಟರೆ ಸ್ವರಗಳು ಒಂದರ ಮೇಲೊಂದು ಅಂಟಿ ಕಾರ್ಡಿನಂತಾಗುತ್ತವೆ. ಬೆರಳನ್ನು ಎತ್ತದೆ ತುದಿಯಿಂದ ಒಳಗಿನ ಮೆತ್ತೆಗೆ ಉರುಳಿಸಿ. ಒಂದು ತಂತಿ ಏಳುವಷ್ಟರಲ್ಲಿ ಇನ್ನೊಂದು ಕೂರಬೇಕು. 8ಕ್ಕೆ ಕಿರುಬೆರಳು ಬಳಸಿ, ಅದು ಸೋತರೆ ಉಂಗುರಬೆರಳಾದರೂ ಸರಿ.

ನುಡಿಸುವ ಮೊದಲು ಬಾಯಲ್ಲಿ ಹಾಡಿ. ಹಾಡುವಾಗ ಎಲ್ಲಿ ಉಸಿರು ತೆಗೆದುಕೊಂಡಿರೋ ಗಿಟಾರಿನಲ್ಲೂ ಅಲ್ಲೇ ಬಿಡುವು ಕೊಡಿ. ಬೆರಳಿಗೆ ಉಸಿರು ಕಟ್ಟುವುದಿಲ್ಲವಾದ್ದರಿಂದ ಬಿಟ್ಟರೆ ಅದು ನಿಲ್ಲದೆ ಓಡುತ್ತಲೇ ಇರುತ್ತದೆ.

ದಿನದ ಅಭ್ಯಾಸ, ವಾರದ ಪಾಠ

ಭಾನುವಾರ ನಾಲ್ಕು ಗಂಟೆ ಕೂರುವುದಕ್ಕಿಂತ ದಿನಕ್ಕೆ 40 ನಿಮಿಷ ಕೂರುವುದು ಫಲ ಕೊಡುತ್ತದೆ. ಐದು ನಿಮಿಷ ಬೆರಳು ಬಿಸಿಮಾಡಿ, ಹತ್ತು ನಿಮಿಷ ಬಲಗೈಗೆ, ಹತ್ತು ಬೆಂಡ್ ಮತ್ತು ವೈಬ್ರೇಟೊಗೆ, ಉಳಿದದ್ದು ಹಾಡಿನ ಭಾಗಕ್ಕೆ. ಇಡೀ ಸೋಲೊವನ್ನು ಆದಿಯಿಂದ ಅಂತ್ಯದವರೆಗೆ ಹತ್ತು ಸಲ ನುಡಿಸಿದರೆ ತಪ್ಪುವ ಎರಡು ಸೆಕೆಂಡಿನ ಜಾಗ ಹತ್ತು ಸಲ ತಪ್ಪಾಗಿಯೇ ರೂಢಿಯಾಗುತ್ತದೆ. ಆ ಎರಡು ಸೆಕೆಂಡನ್ನು ಮಾತ್ರ ಕತ್ತರಿಸಿಕೊಂಡು, ಅದರ ಹಿಂದಿನ ಒಂದು ಸ್ವರ, ಮುಂದಿನ ಒಂದು ಸ್ವರ ಸೇರಿಸಿ ತಿದ್ದಿ. ಬೆರಳ ತುದಿ ಉರಿಯುವುದು ಸಹಜ, ಕೆಲ ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟಿನಲ್ಲಿ ನೋವು, ಬೆರಳಿನಲ್ಲಿ ಜೋಮು ಬಂದರೆ ಆ ದಿನ ಗಿಟಾರ್ ಕೆಳಗಿಡಿ. ಹಾಗೆಯೇ ಮುಂದುವರಿದರೆ ವೈದ್ಯರ ಬಳಿ ಹೋಗಿ.

ವಿಡಿಯೊ ಎಲ್ಲವನ್ನೂ ತೋರಿಸುತ್ತದೆ, ನಿಮ್ಮನ್ನು ಮಾತ್ರ ನೋಡುವುದಿಲ್ಲ. ಬೆಂಡ್ ಮಾಡುವಾಗ ಭುಜ ಕಿವಿಯತ್ತ ಏರಿದ್ದು, ಉಸಿರು ಬಿಗಿಹಿಡಿದದ್ದು, ಹೆಬ್ಬೆರಳು ಗಿಟಾರಿನ ಕತ್ತಿನ ಹಿಂದೆ ಒತ್ತಿಕೊಂಡದ್ದು ನುಡಿಸುವವರಿಗೆ ಗೊತ್ತಾಗುವುದಿಲ್ಲ. ಎದುರು ಕೂತ ಮೇಷ್ಟ್ರಿಗೆ ಅರ್ಧ ನಿಮಿಷ ಸಾಕು. ಒಳ್ಳೆಯ ಮೇಷ್ಟ್ರನ್ನು ಗುರುತಿಸಲು ಮೊದಲ ಪಾಠದಲ್ಲಿ ಒಂದು ಸಂಗತಿ ನೋಡಿ: ಅವರು ಎಷ್ಟು ಹೊತ್ತು ನುಡಿಸಿ ತೋರಿಸಿದರು, ಎಷ್ಟು ಹೊತ್ತು ನಿಮ್ಮ ಕೈ ನೋಡಿದರು? ತಪ್ಪಾದಾಗ 'ಪ್ರಾಕ್ಟೀಸ್ ಮಾಡಿ ಸರಿಹೋಗುತ್ತೆ' ಎಂದರೆ ಅದು ಪಾಠವಲ್ಲ. 'ಮೂರನೇ ಸ್ವರದಲ್ಲಿ ಪಿಕ್ ಮೇಲಿನಿಂದ ಬರುತ್ತಿದೆ, ಅದಕ್ಕೇ ತಡವಾಗ್ತಿದೆ' ಎಂದರೆ ಪಾಠ.

ಒಂದು ಕ್ರಮ ಬೇಕೆನ್ನುವವರಿಗೆ ಲಂಡನ್ನಿನ ಟ್ರಿನಿಟಿ ಕಾಲೇಜ್ ಮತ್ತು ರಾಕ್‌ಸ್ಕೂಲ್‌ನ ಗ್ರೇಡ್ ಪರೀಕ್ಷೆಗಳಿವೆ. 8ನೇ ಗ್ರೇಡ್‌ವರೆಗೆ ಹೋಗುವ ಈ ಪರೀಕ್ಷೆಗಳಿಗೆ ಬೆಂಗಳೂರಿನಲ್ಲಿ ತಯಾರಿ ಮಾಡಿಸುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಟ್ಯಾಬ್ ನಂಬಿ ಕಲಿಯುವವರು ಒಂದು ವಿಷಯ ನೆನಪಿಡಬೇಕು. ಆರು ಗೆರೆಗಳ ಮೇಲೆ ಫ್ರೆಟ್ ಸಂಖ್ಯೆ ಬರೆದ ಆ ಚೀಟಿ ಬೆರಳು ಎಲ್ಲಿಡಬೇಕೆಂದು ಹೇಳುತ್ತದೆ, ಎಷ್ಟು ಹೊತ್ತು ಇಡಬೇಕೆಂದು ಹೆಚ್ಚಿನ ಪಾಲು ಹೇಳುವುದೇ ಇಲ್ಲ. ಆದ್ದರಿಂದ ಮೊದಲು ಮೂಲ ಹಾಡನ್ನು ಅರ್ಧ ವೇಗದಲ್ಲಿ ಕೇಳಿ, ಬಾಯಲ್ಲಿ ಹಾಡಲು ಬಂದ ಮೇಲೆ ಟ್ಯಾಬ್ ತೆರೆಯಿರಿ. ಹಾಡಿದ್ದಕ್ಕೂ ಬರೆದದ್ದಕ್ಕೂ ತಾಳೆಯಾಗದಿದ್ದರೆ ಕಿವಿಯನ್ನು ನಂಬಿ. ಆ ಚೀಟಿ ಬರೆದವರೂ ಎಲ್ಲೋ ಕೂತು ಕೇಳಿಯೇ ಬರೆದಿರುತ್ತಾರೆ.